ಚಿತ್ರಪ್ರಮಾಣ ಮತ್ತು ಕಾರ್ಯಹಾನಿ: ಕತ್ತಿನ ಬೆನ್ನುಹುರಿಯ ರೋಗವೊಂದನ್ನು ಕುರಿತ ವಿಮರ್ಶೆ

ಕತ್ತಿನ ಬೆನ್ನೆಲುಬು ವಯೋಧರ್ಮದಿಂದ ಸವೆದು, ತನ್ನೊಳಗೆ ಹಾದುಹೋಗುವ ಬೆನ್ನುಹುರಿಯನ್ನು ಕ್ರಮೇಣ ಒತ್ತತೊಡಗುವ ರೋಗಕ್ಕೆ ವೈದ್ಯರು ಇಂದು ಡಿಜೆನರೇಟಿವ್ ಸರ್ವೈಕಲ್ ಮೈಯಲೋಪತಿ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೊಸದು, ೨೦೧೫ರಿಂದ ಈಚೆಗೆ ರೂಢಿಗೆ ಬಂದದ್ದು. ರೋಗವಾದರೋ ಹೊಸದಲ್ಲ. ಕೈಬೆರಳುಗಳು ಜಡವಾಗುವುದು, ಸೂಕ್ಷ್ಮವಾದ ಕೆಲಸಗಳು ಕೈತಪ್ಪುವುದು, ಕಾಲು ಬಿಗಿದು ನಡಿಗೆ ತೂಗಾಡುವುದು, ಕೊನೆಕೊನೆಗೆ ಮೂತ್ರದ ಹತೋಟಿಯೂ ತಪ್ಪುವುದು, ಇವು ಇದರ ಲಕ್ಷಣಗಳು. ನೋವು ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿರುವುದೇ ಅನೇಕ ವೇಳೆ ರೋಗಿಯನ್ನೂ ವೈದ್ಯನನ್ನೂ ಮೋಸಗೊಳಿಸುತ್ತದೆ. ಪಟ್ಟಣಗಳಲ್ಲಿ ನಾವೆಲ್ಲ "ಸ್ಪಾಂಡಿಲೈಟಿಸ್" ಎಂದು ಸಲೀಸಾಗಿ ಹೇಳಿ ಕತ್ತಿಗೆ ಪಟ್ಟಿ ಕಟ್ಟಿಕೊಳ್ಳುವ ಆ ಕತ್ತುನೋವು ಬೇರೆ, ಇದು ಬೇರೆ.

ತತ್ತ್ವಶಾಸ್ತ್ರ ವಿಭಾಗದ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಏನು ಎಡೆಯೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅನುಮಾನಪ್ರಮಾಣವನ್ನು ಹೊಗೆ ಬೆಂಕಿಗಳ ಉದಾಹರಣೆಯಿಂದಲೇ ವರ್ಷವರ್ಷವೂ ಪಾಠ ಹೇಳುವ ನಾವು, ಆ ಶಾಸ್ತ್ರವು ಮನುಷ್ಯನ ಕೈಕಾಲುಗಳ ಮೇಲೆ ತೀರ್ಪು ಕೊಡುವ ಸ್ಥಳವನ್ನು ಒಮ್ಮೆಯಾದರೂ ಕಣ್ಣಿಟ್ಟು ನೋಡಬೇಕೆಂಬುದು ನನ್ನ ಅಭಿಪ್ರಾಯ. ಈ ರೋಗದಲ್ಲಿ ಎರಡು ಪ್ರಮಾಣಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು, ಯಂತ್ರವು ತೆಗೆದ ಚಿತ್ರ. ಇನ್ನೊಂದು, ರೋಗಿಯು ಏನು ಮಾಡಬಲ್ಲ, ಏನು ಮಾಡಲಾರ ಎಂಬ ಲೆಕ್ಕ. ಇವೆರಡೂ ಒಂದೇ ಮಾತನ್ನು ಹೇಳಿದಾಗ ತೊಡಕಿಲ್ಲ. ಬೇರೆ ಬೇರೆ ಹೇಳಿದಾಗ ಯಾವುದನ್ನು ನಂಬಬೇಕು? ಚಿಕಿತ್ಸೆಯ ವಿಧಿನಿಷೇಧಗಳನ್ನು ಹೇಳುವ ಅಧಿಕಾರ ನನಗಿಲ್ಲ. ಪ್ರಮಾಣಗಳ ಯೋಗ್ಯತೆಯನ್ನು ವಿಚಾರಿಸುವುದಷ್ಟೇ ಇಲ್ಲಿಯ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ಎಳೆದದ್ದು ಪುಸ್ತಕವಲ್ಲ. ನಮ್ಮ ಕಾಲೇಜಿನಿಂದ ನಿವೃತ್ತರಾದ ಹಿರಿಯ ಸಂಸ್ಕೃತಾಧ್ಯಾಪಕರೊಬ್ಬರ ಅಕ್ಷರ, ಒಂದು ಕಾಲಕ್ಕೆ ಮುತ್ತು ಪೋಣಿಸಿದಂತಿದ್ದದ್ದು, ಅವರು ನನಗೆ ಬರೆಯುತ್ತಿದ್ದ ಕಾಗದಗಳಲ್ಲಿ ವರ್ಷದೊಳಗೆ ಚೆದರಿಹೋಯಿತು. ಮೊದಲು ಮುಪ್ಪು ಎಂದರು. ಆಮೇಲೆ ಮಣಿಕಟ್ಟಿನ ನರ ಸಿಕ್ಕಿಕೊಂಡಿದೆ ಎಂದರು. ಕತ್ತಿನ ಚಿತ್ರವನ್ನು ತೆಗೆಸಿದ ಮೇಲೆ "ವಯಸ್ಸಿಗೆ ಸಹಜವಾದ ಬದಲಾವಣೆ" ಎಂದು ಬರೆದುಕೊಟ್ಟರು. ಎರಡು ವರ್ಷ ಹೀಗೆಯೇ ಕಳೆಯಿತು. ಅದೇ ಕಾಲದಲ್ಲಿ ನನ್ನ ಮಿತ್ರರೊಬ್ಬರು ಬರಿಯ ಕತ್ತುನೋವಿಗೆ ಚಿತ್ರ ತೆಗೆಸಿ, ಅದರಲ್ಲಿ ಬೆನ್ನುಹುರಿ ಒತ್ತಿಹೋಗಿದೆಯೆಂಬ ಮಾತನ್ನು ಓದಿ, ಇನ್ನು ಕಾಲು ಬಿದ್ದುಹೋಗುವುದೆಂದು ಊಟ ನಿದ್ರೆ ಬಿಟ್ಟರು. ಅವರು ಇಂದಿಗೂ ದಿನಕ್ಕೆ ಎರಡು ಮೈಲಿ ನಡೆಯುತ್ತಾರೆ. ಈ ಇಬ್ಬರ ಸಂದರ್ಭದಲ್ಲಿಯೂ ಚಿತ್ರ ಸುಳ್ಳು ಹೇಳಲಿಲ್ಲ. ಅದು ಹೇಳದ ಮಾತನ್ನು ಅದರ ಬಾಯಿಂದ ಹೇಳಿಸಲಾಯಿತು.

ಶರೀರರಚನೆಯ ಕೆಲವು ಸಂಗತಿಗಳನ್ನು ಮೊದಲು ನೆನೆಯಬೇಕು. ಕತ್ತಿನಲ್ಲಿ ಏಳು ಮಣಿಗಳಿವೆ. ಅವುಗಳ ಹಿಂಭಾಗದ ಕಮಾನುಗಳು ಸಾಲಾಗಿ ನಿಂತು ಒಂದು ನಾಳವಾಗುತ್ತದೆ; ಅದರೊಳಗೆ ಬೆನ್ನುಹುರಿ. ಕತ್ತಿನ ಕೆಳಭಾಗದಲ್ಲಿ ಈ ನಾಳದ ಹಿಂದುಮುಂದಿನ ಅಗಲ ವಯಸ್ಕರಲ್ಲಿ ಸಾಧಾರಣವಾಗಿ ೧೭ ಮಿಲಿಮೀಟರು. ಹುರಿಯ ದಪ್ಪ ಸುಮಾರು ೮ ಮಿಲಿಮೀಟರು. ಅಗಲವು ೧೩ ಮಿಲಿಮೀಟರಿಗಿಂತ ಕಡಮೆಯಾದರೆ ಕಿರಿದಾದ ನಾಳವೆಂದು ಎಣಿಸುವುದು ವಾಡಿಕೆ. ಮಣಿಗಳ ನಡುವಣ ಡಿಸ್ಕುಗಳು ವಯಸ್ಸಿನೊಡನೆ ನೀರಾರಿ ಕುಗ್ಗುತ್ತವೆ, ಹಿಂದಕ್ಕೆ ಉಬ್ಬುತ್ತವೆ. ಅಂಚಿನಲ್ಲಿ ಎಲುಬು ಕೊಂಬೊಡೆಯುತ್ತದೆ. ಹಿಂದಿನಿಂದ ಹಳದಿ ಬಣ್ಣದ ಕಟ್ಟುನಾರು ದಪ್ಪವಾಗಿ ಒಳಕ್ಕೆ ಮಡಿಯುತ್ತದೆ. ಇದಿಷ್ಟೂ ನಿಂತಲ್ಲಿ ನಿಂತಿರುವ ಇಕ್ಕಟ್ಟು. ಆದರೆ ಕತ್ತು ನಿಂತಲ್ಲಿ ನಿಲ್ಲುವ ಅಂಗವಲ್ಲ. ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ಮೇಲಿನ ಮಣಿಯ ಕೆಳ ಅಂಚಿಗೂ ಕೆಳಗಿನ ಮಣಿಯ ಕಮಾನಿಗೂ ನಡುವೆ ಹುರಿಯು ಇಕ್ಕಳದಲ್ಲಿ ಸಿಕ್ಕಂತಾಗುತ್ತದೆಂಬುದನ್ನು ಡಚ್ ವಿದ್ವಾಂಸ ಪೆನ್ನಿಂಗ್ ೧೯೬೦ರ ದಶಕದಲ್ಲಿ ತೋರಿಸಿದನು. ಮುಂದಕ್ಕೆ ಬಾಗಿದಾಗ ಹುರಿ ಹಿಗ್ಗಿ ಎಲುಬಿನ ಕೊಂಬುಗಳ ಮೇಲೆ ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ಚಲನೆಯಿಂದಾಗುವ ಹಾನಿಯನ್ನು ತಿಳಿಯುವುದಕ್ಕಾಗಿ ನಾವು ರೋಗಿಯನ್ನು ಅಂಗಾತ ಮಲಗಿಸಿ, ಅಲುಗದಿರೆಂದು ಹೇಳಿ, ಚಿತ್ರ ತೆಗೆಯುತ್ತೇವೆ. ಹಗ್ಗವನ್ನು ಸವೆಸುತ್ತಿರುವ ರಾಟೆಯನ್ನು ನಿಲ್ಲಿಸಿ ನೋಡಿದಂತೆ ಇದು.

ಚಿತ್ರಗಳ ಇತಿಹಾಸವನ್ನು ಬೇಗನೆ ದಾಟಬಹುದು. ರಾಂಟ್ಜೆನ್ನನ ಕಿರಣಗಳು ೧೮೯೫ರಲ್ಲಿ ಬಂದವು. ಅವು ಎಲುಬನ್ನು ತೋರಿಸಿದವು, ಹುರಿಯನ್ನಲ್ಲ. ೧೯೨೦ರ ದಶಕದಲ್ಲಿ ಸಿಕಾರ್ ಮತ್ತು ಫಾರೆಸ್ತಿಯೇ ಎಂಬ ಫ್ರೆಂಚ್ ವೈದ್ಯರು ಅಯೊಡೀನ್ ಬೆರೆಸಿದ ಎಣ್ಣೆಯನ್ನು ಹುರಿಯ ಸುತ್ತ ಇಳಿಬಿಟ್ಟು ಅದರ ನೆರಳನ್ನು ಹಿಡಿದರು. ಸಿ.ಟಿ. ಯಂತ್ರ ೧೯೭೦ರ ದಶಕದ್ದು; ಎಂ.ಆರ್.ಐ. ಅದರ ಮುಂದಿನ ದಶಕದಲ್ಲಿ ಆಸ್ಪತ್ರೆಗಳನ್ನು ಹೊಕ್ಕಿತು. ಎಲುಬು, ಎಲುಬಿನ ನೆರಳು, ಹುರಿಯ ನೆರಳು, ಕೊನೆಗೆ ಹುರಿಯೇ: ಹೀಗೆ ಯಂತ್ರವು ರೋಗಸ್ಥಾನಕ್ಕೆ ಹತ್ತಿರ ಹತ್ತಿರ ಬಂದಂತೆಲ್ಲ, ಅದು ರೋಗವನ್ನೇ ತೋರಿಸುತ್ತಿದೆಯೆಂಬ ನಂಬಿಕೆಯೂ ಗಟ್ಟಿಯಾಯಿತು. ವಿಮರ್ಶೆ ಮಾಡಬೇಕಾದದ್ದು ಈ ನಂಬಿಕೆಯನ್ನು.

ಈ ರೋಗದ ಸಾಹಿತ್ಯದಲ್ಲಿ ಮೂಲಗ್ರಂಥವೆನ್ನಬಹುದಾದದ್ದು ರಸ್ಸೆಲ್ ಬ್ರೇನ್, ನಾರ್ತ್‌ಫೀಲ್ಡ್, ಮಾರ್ಸಿಯಾ ವಿಲ್ಕಿನ್ಸನ್ ಈ ಮೂವರು ೧೯೫೨ರಲ್ಲಿ ಪ್ರಕಟಿಸಿದ ದೀರ್ಘಲೇಖನ. ಅದಕ್ಕೆ ಮೊದಲು, ೧೯೨೮ರಲ್ಲಿ, ಅಮೆರಿಕದ ಸ್ಟೂಕಿ ಎಂಬ ಶಸ್ತ್ರವೈದ್ಯನು ಹುರಿಯನ್ನು ಒತ್ತುವ ಈ ಉಬ್ಬುಗಳನ್ನು ಮೃದ್ವಸ್ಥಿಯ ಗಂತಿಗಳೆಂದೇ ತಿಳಿದು ವರ್ಣಿಸಿದ್ದನು. ಅವು ಗಂತಿಗಳಲ್ಲ, ಸವೆದ ಡಿಸ್ಕುಗಳು. ಹಠಾತ್ತಾಗಿ ಜಾರಿದ ಡಿಸ್ಕು ಬೇರೆ, ನಿಧಾನವಾಗಿ ಬೆಳೆದ ಸವೆತ ಬೇರೆ ಎಂಬ ವಿವೇಕವನ್ನು ೧೯೫೨ರ ಲೇಖನ ನೆಲೆಗೊಳಿಸಿತು. ಅದು ಉಪಕಾರ. ಆದರೆ ಎರಡೇ ವರ್ಷಗಳಲ್ಲಿ, ೧೯೫೪ರಲ್ಲಿ, ಪ್ಯಾಲಿಸ್, ಜೋನ್ಸ್, ಸ್ಪಿಲ್ಲೇನ್ ಎಂಬವರು ಒಂದು ತುಂಟ ಪ್ರಶ್ನೆಯನ್ನು ಹಾಕಿದರು. ನರರೋಗದ ದೂರೇನೂ ಇಲ್ಲದೆ ಬೇರೆ ಕಾರಣಕ್ಕಾಗಿ ಆಸ್ಪತ್ರೆಗೆ ಬಂದ, ಐವತ್ತು ದಾಟಿದ ೫೦ ಜನರ ಕತ್ತನ್ನು ಅವರು ಪರೀಕ್ಷಿಸಿದರು. ಕ್ಷಕಿರಣದಲ್ಲಿ ಸವೆತದ ಗುರುತುಗಳು ಧಾರಾಳವಾಗಿ ಕಂಡವು. ರೋಗಿಗಳಲ್ಲಿ ಕಂಡದ್ದು ನೀರೋಗಿಗಳಲ್ಲಿಯೂ ಕಂಡರೆ ಅದು ರೋಗದ ಲಿಂಗವಾದೀತೆ?

ಈ ಪ್ರಶ್ನೆಗೆ ಆಮೇಲಿನ ಯಂತ್ರಗಳು ಉತ್ತರ ಕೊಡಲಿಲ್ಲ. ಪ್ರಶ್ನೆಯನ್ನು ದೊಡ್ಡದು ಮಾಡಿದವು. ೧೯೯೦ರಲ್ಲಿ ಬೋಡನ್ ಮತ್ತು ಸಂಗಡಿಗರು ಕತ್ತಿನ ತೊಂದರೆಯೇ ಇಲ್ಲದ ೬೩ ಜನರ ಎಂ.ಆರ್.ಐ. ತೆಗೆದಾಗ, ನಲವತ್ತು ತುಂಬದವರಲ್ಲಿ ನೂರಕ್ಕೆ ೧೪ ಮಂದಿಯಲ್ಲಿಯೂ ನಲವತ್ತು ದಾಟಿದವರಲ್ಲಿ ನೂರಕ್ಕೆ ೨೮ ಮಂದಿಯಲ್ಲಿಯೂ ದೊಡ್ಡ ದೋಷಗಳು ಕಂಡವು. ಜಪಾನಿನ ನಕಾಶಿಮ ಮೊದಲಾದವರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೧೨೧೧ ಮಂದಿ ಆರೋಗ್ಯವಂತರಿದ್ದರು. ಅವರಲ್ಲಿ ನೂರಕ್ಕೆ ೮೭.೬ರಷ್ಟು ಜನಕ್ಕೆ ಡಿಸ್ಕು ಉಬ್ಬಿತ್ತು, ೫.೩ರಷ್ಟು ಜನಕ್ಕೆ ಬೆನ್ನುಹುರಿಯೇ ಒತ್ತಿಹೋಗಿತ್ತು, ೨.೩ರಷ್ಟು ಜನರ ಹುರಿಯೊಳಗೆ, ಹಾನಿಯ ಗುರುತೆಂದು ಎಲ್ಲರೂ ಅಂಜುವ, ಬಿಳಿಯ ಕಲೆ ಸಹ ಇತ್ತು. ಅವರೆಲ್ಲ ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದವರು.

ನೈಯಾಯಿಕರ ಪರಿಭಾಷೆ ಇಲ್ಲಿ ಅಲಂಕಾರಕ್ಕೆ ಬರುತ್ತಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿ ನಿಲ್ಲುತ್ತದೆ. ಬೆಂಕಿಯಿದ್ದಲ್ಲಿ ಹೊಗೆಯುಂಟೆಂಬುದು ನಿಲ್ಲುವುದಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯಿಂದ ಹೊಗೆಯೇಳಬೇಕಾದರೆ ಹಸಿಸೌದೆಯ ಸಂಬಂಧವೆಂಬ ಉಪಾಧಿ ಬೇಕು. ಒತ್ತಡದಿಂದ ಕಾರ್ಯಹಾನಿಯನ್ನು ಊಹಿಸುವವರು ಬೆಂಕಿಯಿಂದ ಹೊಗೆಯನ್ನು ಊಹಿಸುವವರು. ನಕಾಶಿಮನ ಪಟ್ಟಿಯಲ್ಲಿಯ ಆ ೫.೩ರಷ್ಟು ಜನ ಕಾದ ಕಬ್ಬಿಣದ ಗುಂಡುಗಳು. ಹಾಗಾದರೆ ಇಲ್ಲಿಯ ಹಸಿಸೌದೆ ಯಾವುದು? ಹುಟ್ಟಿನಿಂದಲೇ ಕಿರಿದಾದ ನಾಳವೆಂದು, ೭೦ ಶವಗಳ ಕತ್ತಿನ ಎಲುಬುಗಳನ್ನು ಪರೀಕ್ಷಿಸಿ ೧೯೫೭ರಲ್ಲಿ ಬರೆದ ಪೇನ್ ಮತ್ತು ಸ್ಪಿಲ್ಲೇನ್ ಸೂಚಿಸಿದರು. ಚಲನೆಯೆಂದು ಪೆನ್ನಿಂಗನ ಪಕ್ಷ. ರಕ್ತಸಂಚಾರದ ಕೊರತೆಯೆಂದು ಮತ್ತೆ ಕೆಲವರು. ನನಗೆ ತೋರುವಂತೆ ಇಲ್ಲಿ ಶಾಸ್ತ್ರದ ಉದಾಹರಣೆ ಪೂರ್ತಿ ಹೊಂದುವುದಿಲ್ಲ. ಉಪಾಧಿ ಒಂದಲ್ಲ, ಹಲವು. ಒಬ್ಬೊಬ್ಬರಲ್ಲಿ ಒಂದೊಂದು ಪಾಲು. ಅವುಗಳಲ್ಲಿ ನಾಳದ ಅಗಲವನ್ನು ಮಾತ್ರ ಚಿತ್ರದ ಮೇಲೆ ಅಳೆಯಬಹುದು, ಉಳಿದವನ್ನು ಅಷ್ಟು ಸುಲಭವಾಗಿ ಅಳೆಯಲಾಗುವುದಿಲ್ಲ.

ತಿರುವುಮುರುವಾಗಿ ಹೊರಟರೂ ದಾರಿ ಸುಗಮವಲ್ಲ. ಕಾರ್ಯಹಾನಿಯಿಂದ ಒತ್ತಡವನ್ನು ಊಹಿಸಬಹುದೆ ಎಂದರೆ, ಇದೇ ಬಿಗಿದ ನಡಿಗೆಯನ್ನು ಬಿ-೧೨ ಜೀವಸತ್ತ್ವದ ಕೊರತೆಯೂ ತರುತ್ತದೆ. ಸಸ್ಯಾಹಾರಿಗಳು ಹೆಚ್ಚಾಗಿರುವ ನಮ್ಮಲ್ಲಿ ಇದನ್ನು ಮರೆಯುವಂತಿಲ್ಲ. ಚಲನನರಗಳು ಸಾಯುವ ರೋಗದಲ್ಲಿಯೂ ಕೈಬೆರಳು ಬತ್ತುತ್ತವೆ, ಕಾಲು ಬಿಗಿಯುತ್ತದೆ. ಅಂಥವನ ಕತ್ತಿನ ಚಿತ್ರದಲ್ಲಿ, ವಯಸ್ಸಿನ ದೆಸೆಯಿಂದ, ಸವೆತವೂ ಕಂಡರೆ ಆ ಸವೆತಕ್ಕೆ ಅಪರಾಧವನ್ನು ಹೊರಿಸುವುದು ಬಹು ಸುಲಭ. ಆದ್ದರಿಂದ ಎರಡು ಪ್ರಮಾಣಗಳಲ್ಲಿ ಯಾವುದೂ ಒಂಟಿಯಾಗಿ ನಿಲ್ಲದು. ಚಿತ್ರದ ಸಾಮರ್ಥ್ಯವಿರುವುದು "ಎಲ್ಲಿ" ಎಂಬ ಪ್ರಶ್ನೆಯಲ್ಲಿ: ನಾಲ್ಕನೆಯ ಮಣಿಯೋ, ಐದನೆಯದೋ, ಮುಂದಿನಿಂದ ಒತ್ತುವುದೋ, ಹಿಂದಿನಿಂದಲೋ, ಎಲುಬಾಗಿ ಗಟ್ಟಿಯಾದ ಕಟ್ಟುನಾರೋ, ಮೆತ್ತನೆಯ ಡಿಸ್ಕೋ. ಶಸ್ತ್ರವೈದ್ಯನಿಗೆ ಇವಿಲ್ಲದೆ ಕೈಯಾಡದು. "ಎಷ್ಟು" ಎಂಬ ಪ್ರಶ್ನೆಗೆ ಚಿತ್ರ ಅರ್ಧ ಉತ್ತರ ಕೊಡುತ್ತದೆ. ೨೦೦೮ರಲ್ಲಿ ಬ್ರ್ನೋ ನಗರದ ಬೆಡ್ನಾರ್ಝಿಕ್ ಮತ್ತು ಸಂಗಡಿಗರ ಅಧ್ಯಯನ ಈ ದೃಷ್ಟಿಯಿಂದ ಬಹು ಬೆಲೆಯುಳ್ಳದ್ದು. ಚಿತ್ರದಲ್ಲಿ ಹುರಿ ಒತ್ತಿಹೋಗಿದ್ದರೂ ಹುರಿಯ ರೋಗಲಕ್ಷಣಗಳಿಲ್ಲದ ೧೯೯ ಜನರನ್ನು ಅವರು ಕನಿಷ್ಠ ಎರಡು ವರ್ಷ ಹಿಂಬಾಲಿಸಿದರು. ೪೫ ಜನರಲ್ಲಿ ಮಾತ್ರ ರೋಗ ತಲೆದೋರಿತು; ಮೊದಲ ವರ್ಷದಲ್ಲಿ ನೂರಕ್ಕೆ ಸುಮಾರು ೮ರಂತೆ. ಯಾರಲ್ಲಿ ಬೇಗ ತಲೆದೋರಿತು? ತೋಳಿಗೆ ಹೋಗುವ ನರದ ಬೇರಿನ ನೋವು ಆಗಲೇ ಇದ್ದವರಲ್ಲಿ, ನರಗಳ ವಿದ್ಯುತ್ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡವರಲ್ಲಿ. ಎಂದರೆ, ಮುಂದಿನದನ್ನು ಸೂಚಿಸುವುದರಲ್ಲಿ ನೆರಳಿಗಿಂತ ನರದ ವ್ಯಾಪಾರವೇ ಹೆಚ್ಚು ನಂಬತಕ್ಕದ್ದಾಯಿತು.

ಹುರಿಯೊಳಗಿನ ತಂತುಗಳ ಅಚ್ಚುಕಟ್ಟನ್ನೇ ಅಳೆಯುವ ಹೊಸ ಬಗೆಯ ಎಂ.ಆರ್.ಐ. ವಿಧಾನಗಳು ಈಗ ಪ್ರಯೋಗದಲ್ಲಿವೆ. ಅವು ಭರವಸೆ ಹುಟ್ಟಿಸುತ್ತವೆ. ಆದರೆ ದಿನದಿನದ ವೈದ್ಯಕ್ಕೆ ಇನ್ನೂ ಇಳಿದಿಲ್ಲವಾದ್ದರಿಂದ ಅವುಗಳ ಮಾತನ್ನು ಇಲ್ಲಿಗೆ ಬಿಡುತ್ತೇನೆ.

ಇಲ್ಲಿಯವರೆಗಿನ ವಾದವನ್ನು ಅನೇಕ ವೈದ್ಯರೂ ಒಪ್ಪುವರು. ಚಿತ್ರವನ್ನಲ್ಲ, ರೋಗಿಯನ್ನು ನೋಡಬೇಕೆಂದು ಅವರೇ ವಿದ್ಯಾರ್ಥಿಗಳಿಗೆ ಹೇಳುತ್ತಾರೆ. ಆದರೆ ರೋಗಿಯನ್ನು ನೋಡುವುದೆಂದರೇನು? ನೋಡಿದ್ದನ್ನು ಅಂಕವಾಗಿ ಬರೆಯಬೇಕಷ್ಟೆ. ಆ ಅಂಕದ ಮಾನದಂಡವೂ ಯಾರೋ ಒಬ್ಬರು, ಯಾವುದೋ ಊರಿನಲ್ಲಿ, ಯಾವುದೋ ಬಾಳಿನ ರೀತಿಯನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದ ಬರಹವೇ. ಚಿತ್ರದ ಮೇಲೆ ಇಷ್ಟು ಕಟುವಾಗಿರುವ ನಾವು ಮಾನದಂಡವನ್ನು ವಿಮರ್ಶೆಯಿಲ್ಲದೆ ಒಪ್ಪುವುದು ಪಕ್ಷಪಾತವಾಗುತ್ತದೆ. ಮುಖ್ಯವಾದ ಮೂರನ್ನು ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಇಂಗ್ಲೆಂಡಿನ ನ್ಯೂರಿಕ್ ೧೯೭೨ರಲ್ಲಿ ರಚಿಸಿದ್ದು. ಅದರಲ್ಲಿ ಸೊನ್ನೆಯಿಂದ ಐದರವರೆಗೆ ದರ್ಜೆಗಳು. ಹುರಿಯ ಲಕ್ಷಣಗಳಿದ್ದೂ ನಡಿಗೆಗೆ ತೊಂದರೆಯಿಲ್ಲದಿದ್ದರೆ ಒಂದು. ನಡಿಗೆಗೆ ಸ್ವಲ್ಪ ತೊಂದರೆಯಿದ್ದು ಪೂರ್ಣಕಾಲದ ಉದ್ಯೋಗಕ್ಕೆ ಅಡ್ಡಿಯಾಗದಿದ್ದರೆ ಎರಡು. ಉದ್ಯೋಗಕ್ಕೆ ಅಥವಾ ಮನೆಗೆಲಸಕ್ಕೆ ಅಡ್ಡಿಯಾದರೆ ಮೂರು. ಇನ್ನೊಬ್ಬರ ಅಥವಾ ಊರುಗೋಲು ಚೌಕಟ್ಟಿನ ಆಸರೆಯಿಲ್ಲದೆ ನಡೆಯಲಾರದಿದ್ದರೆ ನಾಲ್ಕು. ಕುರ್ಚಿಗೋ ಹಾಸಿಗೆಗೋ ಅಂಟಿದರೆ ಐದು. ಸಂಕ್ಷೇಪವಾಗಿದೆ, ನೆನಪಿಟ್ಟುಕೊಳ್ಳುವುದು ಸುಲಭ. ಅದಕ್ಕಾಗಿಯೇ ಅರ್ಧ ಶತಮಾನ ಬಾಳಿತು. ಆದರೆ ಇದು ಕಾಲಿನ ಮಾನದಂಡ. ಇದರಲ್ಲಿ ಕೈಯೇ ಇಲ್ಲ. ನಮ್ಮ ಸಂಸ್ಕೃತಾಧ್ಯಾಪಕರು ಬರೆಯಲಾರದೆ ಹೋದ ಆ ಎರಡು ವರ್ಷವೂ ನ್ಯೂರಿಕನ ದರ್ಜೆಯಲ್ಲಿ ಒಂದರಲ್ಲಿಯೇ ಇದ್ದಿರಬೇಕು, ಏಕೆಂದರೆ ಅವರು ನಡೆಯುತ್ತಿದ್ದರು. ಎರಡಕ್ಕೂ ಮೂರಕ್ಕೂ ನಡುವಣ ಗಡಿ ಉದ್ಯೋಗವೆಂಬುದನ್ನೂ ಗಮನಿಸಬೇಕು. ಅದೇ ಕಾಲು, ಅದೇ ಹುರಿ. ಗುಮಾಸ್ತನಾದರೆ ಎರಡನೆಯ ದರ್ಜೆ, ಗದ್ದೆಯ ಬದುವಿನ ಮೇಲೆ ನಡೆಯಬೇಕಾದ ಒಕ್ಕಲಿಗನಾದರೆ ಮೂರನೆಯದು. ಇದನ್ನು ದೋಷವೆನ್ನುವವರುಂಟು. ನಾನು ಗುಣವೆಂದೇ ಎಣಿಸುತ್ತೇನೆ: ಕಾರ್ಯಹಾನಿಯೆಂಬುದು ದೇಹಕ್ಕೂ ಬಾಳಿಗೂ ನಡುವಣ ಸಂಬಂಧವೆಂದು ಅರಿವಿಲ್ಲದೆಯೇ ಒಪ್ಪಿಕೊಂಡ ಮಾನದಂಡವಿದು. ಆದರೆ ಹೀಗೆ ಸಂಬಂಧವನ್ನು ಅಳೆದು ಆಮೇಲೆ ಆ ಅಂಕವನ್ನು ಹುರಿಯ ಅಗಲದೊಡನೆ ತೂಗಿ, ಹೊಂದಿಕೆ ಸಾಲದೆಂದು ಅಚ್ಚರಿಪಡುವುದು ತಕ್ಕದ್ದಲ್ಲ.

ಎರಡನೆಯದು ಜಪಾನಿನ ಅಸ್ಥಿಚಿಕಿತ್ಸಕರ ಸಂಘದ್ದು, ೧೯೭೫ರಲ್ಲಿ ಹೊರಟದ್ದು. ಒಟ್ಟು ೧೭ ಅಂಕ: ಕೈಗೆ ನಾಲ್ಕು, ಕಾಲಿಗೆ ನಾಲ್ಕು, ಸ್ಪರ್ಶಜ್ಞಾನಕ್ಕೆ ಆರು, ಮೂತ್ರದ ಹತೋಟಿಗೆ ಮೂರು. ಇದರಲ್ಲಿ ನನಗೆ ಬಹಳ ಹಿಡಿಸಿದ ಭಾಗ ಕೈಯದು. ಜಪಾನೀಯರು ಊಟಕ್ಕೆ ಬಳಸುವ ಜೋಡಿಕಡ್ಡಿಗಳೇ ಅಲ್ಲಿಯ ಅಳತೆಗೋಲು. ಕಡ್ಡಿಯಿಂದಲೂ ಚಮಚದಿಂದಲೂ ಉಣ್ಣಲಾರದವನಿಗೆ ಸೊನ್ನೆ, ಚಮಚದಿಂದ ಬಲ್ಲ, ಕಡ್ಡಿಯಿಂದ ಅರಿಯ, ಎಂದರೆ ಒಂದು, ಕಡ್ಡಿಯನ್ನು ಅಷ್ಟಿಷ್ಟು ಆಡಿಸಬಲ್ಲವನಿಗೆ ಎರಡು, ಎಡವಟ್ಟಾಗಿ ಆಡಿಸುವವನಿಗೆ ಮೂರು, ಸಹಜವಾದರೆ ನಾಲ್ಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಹೊಂದಾಣಿಕೆ ಎಷ್ಟು ಸೂಕ್ಷ್ಮವಾಗಿ ಬೇಕೋ ಅಷ್ಟನ್ನೂ ದಿನಕ್ಕೆ ಮೂರು ಹೊತ್ತು ಪರೀಕ್ಷಿಸುವ ಉಪಕರಣ ಅವರ ಮನೆಯಲ್ಲಿಯೇ ಇತ್ತು. ಅದನ್ನು ಅವರು ಕಂಡುಕೊಂಡರು. ರೋಗಿಗೆ ಪ್ರಶ್ನೆ ಅರ್ಥವಾಗುತ್ತದೆ, ವೈದ್ಯನಿಗೆ ಉತ್ತರ ಅರ್ಥವಾಗುತ್ತದೆ.

ಆ ಕಡ್ಡಿಗಳು ಸಮುದ್ರ ದಾಟಲಾರದವು. ಅಮೆರಿಕದ ಬೆಂಜೆಲ್ ಮತ್ತು ಸಂಗಡಿಗರು ೧೯೯೧ರಲ್ಲಿ ಅವನ್ನು ತೆಗೆದುಹಾಕಿ, ಚಮಚ ಮತ್ತು ಅಂಗಿಯ ಗುಂಡಿಗಳನ್ನು ಆ ಸ್ಥಾನದಲ್ಲಿಟ್ಟರು. ಒಟ್ಟು ೧೮ ಅಂಕವಾಯಿತು: ಕೈಗೆ ಐದು, ಕಾಲಿಗೆ ಏಳು, ಕೈಯ ಸ್ಪರ್ಶಕ್ಕೆ ಮೂರು, ಮೂತ್ರಕ್ಕೆ ಮೂರು. ಈ ಮಾನದಂಡ ಹುಟ್ಟಿದ್ದು ಹುರಿಯ ಪಕ್ಕದ ಕಟ್ಟುನಾರನ್ನು ಕತ್ತರಿಸುವ ಒಂದು ಶಸ್ತ್ರಕ್ರಿಯೆಯ ಫಲವನ್ನು ಅಳೆಯುವ ಲೇಖನದಲ್ಲಿ; ಆ ಶಸ್ತ್ರಕ್ರಿಯೆ ಮೂಲೆಗೆ ಬಿತ್ತು, ಮಾನದಂಡ ಜಗತ್ತನ್ನು ಆಳಿತು. ೨೦೧೭ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗದರ್ಶಿ ಇದನ್ನೇ ಆಧಾರವಾಗಿ ಹಿಡಿಯಿತು: ೧೫ರಿಂದ ೧೭ರವರೆಗೆ ಸೌಮ್ಯ, ೧೨ರಿಂದ ೧೪ರವರೆಗೆ ಮಧ್ಯಮ, ೧೧ ಮತ್ತು ಅದಕ್ಕಿಂತ ಕಡಮೆಯಾದರೆ ತೀವ್ರ. ಮಧ್ಯಮ ಮತ್ತು ತೀವ್ರರಿಗೆ ಶಸ್ತ್ರಚಿಕಿತ್ಸೆ ವಿಹಿತ; ಸೌಮ್ಯರಿಗೆ ಶಸ್ತ್ರಚಿಕಿತ್ಸೆಯಾಗಲಿ ಮೇಲ್ವಿಚಾರಣೆಯ ವ್ಯಾಯಾಮವಾಗಲಿ ಆಗಬಹುದು. ೧೫ಕ್ಕೂ ೧೪ಕ್ಕೂ ನಡುವೆ ಒಂದೇ ಅಂಕ. ಆ ಒಂದು ಅಂಕ ಗುಂಡಿಯೊಂದರ ಮೇಲೆ ನಿಂತಿರಬಹುದು: ಅಂಗಿಯ ಗುಂಡಿಯನ್ನು "ಸ್ವಲ್ಪ ಕಷ್ಟದಿಂದ" ಹಾಕಿಕೊಳ್ಳುವವನಿಗೆ ನಾಲ್ಕು, "ಬಹು ಕಷ್ಟದಿಂದ" ಹಾಕಿಕೊಳ್ಳುವವನಿಗೆ ಮೂರು.

ನಮ್ಮ ಹಿರಿಯರು ಉಡುತ್ತಿದ್ದದ್ದು ಪಂಚೆ, ಹೊದೆಯುತ್ತಿದ್ದದ್ದು ಉತ್ತರೀಯ. ಗುಂಡಿಯ ಪ್ರಶ್ನೆ ಕೇಳಿದಾಗ ತೊಂದರೆಯೇನೂ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಿದರು. ಚಮಚವನ್ನು ಅವರು ಕೈಯಲ್ಲಿ ಹಿಡಿಯುತ್ತಿದ್ದದ್ದು ಔಷಧಕ್ಕೆ ಮಾತ್ರ. ಆ ಹೊತ್ತಿಗೆ ಅವರು ಅನ್ನಕ್ಕೆ ಸಾರು ಕಲಸಿ ತುತ್ತು ಕಟ್ಟಲಾರದೆ, ಬೆರಳ ಸಂದಿನಿಂದ ಅಗುಳು ಸೋರಿ, ಎಲ್ಲರೊಡನೆ ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟಿದ್ದರು. ಅದನ್ನು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಸ್ವಭಾವ ಅವರದಲ್ಲ. ಅಂಕ ಹೆಚ್ಚಾಗಿ ಬಂತು, ಚಿತ್ರ "ಸಹಜ"ವಾಗಿತ್ತು. ಎರಡು ಪ್ರಮಾಣಗಳೂ ಒಂದನ್ನೊಂದು ಸಮರ್ಥಿಸಿದವು, ಎರಡೂ ತಪ್ಪಿದವು. ಮೊದಲು ಹೇಳಿದೆ, ಎರಡೂ ಒಂದೇ ಮಾತನ್ನು ಹೇಳಿದರೆ ತೊಡಕಿಲ್ಲವೆಂದು. ಆ ಮಾತನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ.

ಕೈಯಿಂದ ಉಣ್ಣುವ ನಮ್ಮಲ್ಲಿಯೂ ಊಟ ಒಂದೇ ಬಗೆಯಲ್ಲ. ರಾಗಿಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ನುಂಗುವುದಕ್ಕೆ ಬೆರಳಿನ ಚಾತುರ್ಯ ಅಷ್ಟು ಬೇಡ. ಸಾರನ್ನ ಮಜ್ಜಿಗೆಯನ್ನಗಳಿಗೆ ಬೇಕು. ಒಂದೇ ಹುರಿಯ ಒಂದೇ ಹಾನಿ ಮಂಡ್ಯದ ಕಡೆಯ ಮನೆಯಲ್ಲಿ ತಡವಾಗಿಯೂ ಕರಾವಳಿಯ ಮನೆಯಲ್ಲಿ ಬೇಗನೆಯೂ ಕಂಡುಬರಬಹುದು. ಹೆಂಗಸರ ವಿಷಯದಲ್ಲಿ ಅಂಗಿಯ ಗುಂಡಿ ಇನ್ನೂ ನಿರರ್ಥಕ. ಸೀರೆಯ ನೆರಿಗೆ ಹಿಡಿಯುವುದು, ಕುಪ್ಪಸದ ಕೊಕ್ಕೆ ಹಾಕುವುದು, ಹೂ ಕಟ್ಟುವುದು, ರಂಗೋಲಿಯ ಎಳೆ ಎಳೆಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಇವುಗಳಲ್ಲಿ ಯಾವುದು ಮೊದಲು ಕೈಬಿಟ್ಟಿತೆಂದು ಕೇಳಿದರೆ ತಿಂಗಳನ್ನೂ ಸೇರಿಸಿ ಹೇಳಬಲ್ಲ ಗೃಹಿಣಿ, ಗುಂಡಿಯ ಪ್ರಶ್ನೆಗೆ ಸುಮ್ಮನೆ ತಲೆಯಾಡಿಸುತ್ತಾಳೆ. ಕಾಲಿನ ಅಂಕಗಳಲ್ಲಿ ಕೆಲವು ಮೆಟ್ಟಿಲು ಹತ್ತಿಳಿಯುವುದನ್ನೂ ಕಂಬಿ ಹಿಡಿಯುವುದನ್ನೂ ಸುತ್ತಿಕೊಂಡಿವೆ. ನೆಲಮಟ್ಟದ ಒಂದಂಕಣದ ಮನೆಯಲ್ಲಿರುವವರಿಗೆ ಮೆಟ್ಟಿಲೂ ಇಲ್ಲ, ಕಂಬಿಯೂ ಇಲ್ಲ. ಅವರಿಗೆ ಇರುವುದು ನೆಲದಿಂದ ಏಳುವ ಕಷ್ಟ, ಕುಕ್ಕರುಗಾಲಲ್ಲಿ ಕೂರುವ ಕಷ್ಟ.

ನಮ್ಮ ದೇಶದ ನರರೋಗವೈದ್ಯರು ಈ ಕೊರತೆಯನ್ನು ಮಾನದಂಡದ ಹೊರಗೆ ತಮ್ಮಷ್ಟಕ್ಕೆ ತುಂಬಿಕೊಂಡಿದ್ದಾರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಚಪ್ಪಲಿ ಕಾಲಿನಿಂದ ಜಾರುತ್ತದೆಯೆ, ಜಾರಿದ್ದು ತಿಳಿಯುತ್ತದೆಯೆ, ತಿಳಿಯದೆ ಹೋಗುತ್ತದೆಯೆ ಎಂದು ಅವರು ಕೇಳುವ ಪ್ರಶ್ನೆ ಯಾವ ಜಪಾನಿನ ಅಥವಾ ಅಮೆರಿಕದ ಪಟ್ಟಿಯಲ್ಲಿಯೂ ಇಲ್ಲ. ತಿಳಿದು ಜಾರಿದರೆ ಬಲದ ಕೊರತೆ. ತಿಳಿಯದೆ ಜಾರಿದರೆ ಸ್ಪರ್ಶದ ಕೊರತೆ. ಬಲವನ್ನೂ ಸಂವೇದನೆಯನ್ನೂ ಒಂದೇ ಪ್ರಶ್ನೆಯಿಂದ ಬಿಡಿಸುವ ಈ ಜಾಣ್ಮೆ ಬರಿಯ ಮೌಖಿಕ ಪರಂಪರೆಯಾಗಿ ಉಳಿದಿದೆ, ಅಂಕವಾಗಿಲ್ಲ.

ಯಾವ ದೇಶದ ಉಡುಗೆ ಊಟಗಳನ್ನೂ ಅವಲಂಬಿಸದ ಪರೀಕ್ಷೆಯೂ ಒಂದಿದೆ. ಜಪಾನಿನ ಓನೋ ಮತ್ತು ಸಂಗಡಿಗರು ೧೯೮೭ರಲ್ಲಿ ಇದನ್ನು ವರ್ಣಿಸಿದರು. ಮುಷ್ಟಿ ಕಟ್ಟಿ, ಬೆರಳುಗಳನ್ನು ಪೂರ್ತಿ ಬಿಡಿಸಿ, ಮತ್ತೆ ಮುಷ್ಟಿ ಕಟ್ಟುವುದು. ಹತ್ತು ಸೆಕೆಂಡುಗಳಲ್ಲಿ ಆರೋಗ್ಯವಂತರು ಇದನ್ನು ೨೦ ಸಲ ಅಥವಾ ಹೆಚ್ಚು ಮಾಡಬಲ್ಲರು. ಹುರಿಯ ರೋಗವಿದ್ದವನ ಬೆರಳು ಬೇಗ ಬಿಡಿಸಿಕೊಳ್ಳದು. ಇನ್ನೊಂದು ಗುರುತು, ಬೆರಳುಗಳನ್ನು ಜೋಡಿಸಿ ನೇರವಾಗಿ ಚಾಚಿದಾಗ ಕಿರುಬೆರಳು ತಾನಾಗಿಯೇ ಸರಿದು ದೂರ ನಿಲ್ಲುವುದು. ಇದಕ್ಕೆ ಯಂತ್ರ ಬೇಡ, ಗಡಿಯಾರವೊಂದು ಸಾಕು. ನಮ್ಮ ಹಿರಿಯರ ಮನೆಯ ಜಗುಲಿಯಲ್ಲಿ ಕುಳಿತು, ಓದಿದ್ದನ್ನು ಪರೀಕ್ಷಿಸುವ ಕುತೂಹಲದಿಂದ, ನಾನು ಅವರಿಂದ ಇದನ್ನು ಮಾಡಿಸಿದೆ. ಹದಿಮೂರಕ್ಕೆ ಹತ್ತು ಸೆಕೆಂಡು ಮುಗಿಯಿತು. ಆಮೇಲೆ ಅವರು ಬೇರೊಬ್ಬ ವೈದ್ಯರಲ್ಲಿಗೆ ಹೋದರು. ಹಳೆಯ ಚಿತ್ರವನ್ನೇ ಅವರು ಎರಡನೆಯ ಸಲ ನೋಡಿ, ಐದು ಆರನೆಯ ಮಣಿಗಳ ನಡುವೆ ಬೆರಳಿಟ್ಟು ತೋರಿಸಿದರು. ಶಸ್ತ್ರಚಿಕಿತ್ಸೆಯಾಯಿತು. ನಡಿಗೆ ನೆಟ್ಟಗಾಯಿತು, ಅಕ್ಷರ ಮೊದಲಿನಂತೆ ಮರಳಲಿಲ್ಲ.

ಹಾಗಾದರೆ ಗುಂಡಿಯನ್ನು ಬಿಟ್ಟು ತುತ್ತನ್ನೂ ನೆರಿಗೆಯನ್ನೂ ಮಾನದಂಡಕ್ಕೆ ಸೇರಿಸಿಬಿಡೋಣವೆ? ಇಲ್ಲಿ ವಿರೋಧಪಕ್ಷದ ಮಾತಿಗೂ ತೂಕವಿದೆ. ಊರಿಗೊಂದು ಮಾನದಂಡವಾದರೆ ಬೆಂಗಳೂರಿನ ೧೪ಕ್ಕೂ ನಾಗೋಯದ ೧೪ಕ್ಕೂ ಹೋಲಿಕೆ ಉಳಿಯುವುದಿಲ್ಲ. ಹೋಲಿಕೆಯಿಲ್ಲದೆ ಯಾವ ಚಿಕಿತ್ಸೆ ಮೇಲೆಂಬ ನಿರ್ಣಯವೂ ಇಲ್ಲ. ಕಡ್ಡಿಯನ್ನು ಗುಂಡಿಗೆ ಬದಲಾಯಿಸಿದಾಗಲೇ ಅಂಕ ೧೭ರಿಂದ ೧೮ಕ್ಕೆ ಏರಿ, ಎರಡು ದೇಶಗಳ ಲೆಕ್ಕಗಳು ಬೇರೆಬೇರೆಯಾದವು. ಹೊಸ ಪ್ರಶ್ನೆಯನ್ನು ಸೇರಿಸುವವರು ಮೂರನ್ನಾದರೂ ತೋರಿಸಬೇಕು. ಇಬ್ಬರು ಪರೀಕ್ಷಕರು ಬೇರೆಬೇರೆಯಾಗಿ ಕೇಳಿದರೂ ಒಂದೇ ಅಂಕ ಬರಬೇಕು. ಒಬ್ಬನೇ ರೋಗಿಯನ್ನು ವಾರ ಬಿಟ್ಟು ಕೇಳಿದರೂ ಅದೇ ಬರಬೇಕು. ಹತ್ತು ಸೆಕೆಂಡಿನ ಮುಷ್ಟಿಯ ಎಣಿಕೆಯೊಡನೆ ಅದು ಏರಿಳಿಯಬೇಕು. ಆ ಕೊನೆಯದರಲ್ಲಿಯೂ ಒಂದು ಸಂದೇಹ ನನಗಿದೆ. ತುತ್ತು ಕಟ್ಟುವ ಕೈಗೆ ಕಣ್ಣಿನ ನೆರವು ಬೇಡ, ಸ್ಪರ್ಶವೇ ಸಾಕು; ಮುಷ್ಟಿಯ ಎಣಿಕೆಯಾದರೋ ಚಲನೆಯ ವೇಗವನ್ನು ಮಾತ್ರ ಅಳೆಯುತ್ತದೆ. ಸ್ಪರ್ಶ ಹೋಗಿ ಬಲ ಉಳಿದವರಲ್ಲಿ ಎರಡು ಅಂಕಗಳೂ ಬೇರೆ ಬೇರೆ ಬಂದರೆ ಅದು ಹೊಸ ಪ್ರಶ್ನೆಯ ದೋಷವೋ, ಹಳೆಯ ಪರೀಕ್ಷೆಯ ಕೊರತೆಯೋ ಎಂಬುದನ್ನು ರೋಗಿಗಳನ್ನು ಪರೀಕ್ಷಿಸಿಯೇ ತೀರ್ಮಾನಿಸಬೇಕು.